ಹಸಿರು ಟವೆಲ್ಲಿನ ಬಾಬಾಗೌಡರು: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದರೆ ಸಾಕು, ಬೈಲಹೊಂಗಲ, ಕಿತ್ತೂರು ಕಡೆ ಚಹಾದಂಗಡಿಗಳಲ್ಲಿ ಬಾಬಾಗೌಡ ಪಾಟೀಲರ ಹೆಸರು ಬಂದೇ ಬರುತ್ತದೆ. ಹಿರಿಯರು ಹೇಳುವುದು ಒಂದು, ಹುಡುಗರು ಮೊಬೈಲ್‌ನಲ್ಲಿ ಓದಿಕೊಂಡು ಬರುವುದು ಇನ್ನೊಂದು. ನನ್ನನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿದ್ದೇನೆ. ಅವರ ಬಗ್ಗೆ ಶುರುವಾದದ್ದು, ಈಗ ರೈತನೊಬ್ಬ ಚುನಾವಣೆಗೆ ನಿಲ್ಲೋದು ಹೇಗೆ ಅನ್ನುವಲ್ಲಿಗೂ ಹೋಗಿದೆ. ಕೇಳುವವರು ಎರಡನ್ನೂ ಒಟ್ಟಿಗೇ ಕೇಳುತ್ತಾರೆ, ಏನು ಮಾಡೋದು.

ಬಾಬಾಗೌಡ ಪಾಟೀಲರು ಯಾರು? ಎರಡು ಸಾಲಿನಲ್ಲಿ ಹೇಳಿ.

ಬೈಲಹೊಂಗಲ ತಾಲೂಕಿನ ಚಿಕ್ಕಬಾಗೇವಾಡಿಯವರು. ಒಕ್ಕಲುತನದ ಮನೆ. ಕರ್ನಾಟಕ ರಾಜ್ಯ ರೈತ ಸಂಘದ ಮುಂಚೂಣಿ ನಾಯಕರಾಗಿ ಬೆಳೆದು, 1989ರಲ್ಲಿ ಶಾಸಕರಾದರು. 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಹೋಗಿ, ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು. 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಎರಡು ಸಾಲು ಕೇಳಿದಿರಿ, ನಾಲ್ಕೈದು ಆಯ್ತು.

ರೈತ ಸಂಘ ಅಂದರೆ ಮಂಡ್ಯ, ಶಿವಮೊಗ್ಗ ಅನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಅಷ್ಟು ಬಲ ಎಲ್ಲಿಂದ ಬಂತು?

ಮಲಪ್ರಭೆಯಿಂದ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದರು. ಕಾಲುವೆ ಕೆಳಗಿನ ಹೊಲಗಳಿಗೆ ನೀರು ಬರುತ್ತದೆ ಎಂದರು. ಕೆಲವು ಕಡೆ ಬಂತು, ಹಲವು ಕಡೆ ಬರಲಿಲ್ಲ. ಬಂದ ಕಡೆಯೂ ಕಪ್ಪು ಮಣ್ಣು ನೀರು ಕುಡಿದು, ಉಪ್ಪೇರಿ ಸವುಳಾಯಿತು. ಅಷ್ಟರಲ್ಲಿ ಸರ್ಕಾರದ ನೋಟಿಸ್ ಬಂತು: ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಅದಕ್ಕೆ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದು. ನೀರೇ ನೋಡದ ಹೊಲದವನಿಗೂ ಲೆವಿ. ಅದರ ಮೇಲೆ ಹತ್ತಿಯ ಬೆಲೆಯೂ ಕುಸಿದಿತ್ತು.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಇವತ್ತಿಗೂ ಆ ದಿನವನ್ನು ರೈತ ಹುತಾತ್ಮರ ದಿನ ಎಂದು ನಡೆಸುತ್ತಾರೆ. ಅದೇ ವರ್ಷ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದವರು. ಸಂಘ ರೂಪ ಪಡೆದದ್ದು ಶಿವಮೊಗ್ಗ ಕಡೆ, ಆದರೆ ಅದಕ್ಕೆ ಕಿಚ್ಚು ಹೊತ್ತಿಸಿದ್ದು ಈ ಕಡೆಯ ಕಾಲುವೆ ದಂಡೆ. ನವಲಗುಂದ ಧಾರವಾಡ ಜಿಲ್ಲೆಯದು, ನರಗುಂದವೂ ಆಗ ಧಾರವಾಡಕ್ಕೇ ಸೇರಿತ್ತು. ಅಣೆಕಟ್ಟು ಮಾತ್ರ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ.

ಸಂಘದವರು ಹಳ್ಳಿಯಲ್ಲಿ ನಿಜವಾಗಿ ಮಾಡುತ್ತಿದ್ದದ್ದು ಏನು? ಬರೀ ಭಾಷಣವಾ?

ಬರೀ ಭಾಷಣ ಆಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಆಗ ಸಾಲ ಕಟ್ಟದಿದ್ದರೆ ಮನೆಗೆ ಬಂದು ಸಾಮಾನು ಜಪ್ತಿ ಮಾಡುತ್ತಿದ್ದರು. ಬಾಗಿಲು, ಪಾತ್ರೆ, ಎತ್ತಿನ ಗಾಡಿ, ಕೈಗೆ ಸಿಕ್ಕಿದ್ದು. ಊರ ಮಂದಿಯ ಮುಂದೆ ಮರ್ಯಾದೆ ಹೋಗುವ ಕೆಲಸ ಅದು. ಸಂಘದವರು ಹಸಿರು ಟವೆಲ್ ಹಾಕಿಕೊಂಡು ಗುಂಪಾಗಿ ಹೋಗಿ, ಜಪ್ತಿಯಾದ ಸಾಮಾನನ್ನು ವಾಪಸ್ ತರುತ್ತಿದ್ದರು. ಮರುಜಪ್ತಿ ಎಂದು ಅದಕ್ಕೆ ಹೆಸರು. ಊರಿನ ಅಗಸಿಯಲ್ಲಿ ಬೋರ್ಡ್ ಹಾಕುತ್ತಿದ್ದರು: ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಬಾರದು.

ಸರಿಯೋ ತಪ್ಪೋ, ಬೇರೆ ಮಾತು. ಸಹಕಾರಿ ಸೊಸೈಟಿಗಳು ಇದರಿಂದ ಸೊರಗಿದವು ಎಂದು ದೂರುವವರೂ ಇದ್ದಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ತಹಶೀಲ್ದಾರ್ ಕಚೇರಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದ ಮನುಷ್ಯ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತದ್ದು ಈ ಕಾಲದಲ್ಲೇ. 1989ರ ಮತಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಕುರ್ಚಿಯನ್ನು ನೆನಪಿಡಬೇಕು.

1989ರಲ್ಲಿ ಬಾಬಾಗೌಡರು ನಿಜಕ್ಕೂ ಎರಡು ಕಡೆ ಗೆದ್ದಿದ್ದರಾ? ಹೇಳಿಕೆ ಮಾತು ಇರಬಹುದಾ?

ಹೇಳಿಕೆ ಮಾತಲ್ಲ. ಕಿತ್ತೂರಿನಲ್ಲೂ ಗೆದ್ದರು, ಧಾರವಾಡ ಗ್ರಾಮೀಣದಲ್ಲೂ ಗೆದ್ದರು. ಎರಡೂ ಅಕ್ಕಪಕ್ಕದ ಕ್ಷೇತ್ರಗಳು. ಕಿತ್ತೂರಿನಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ.

ಇದು ಎಂಥ ಗೆಲುವು ಎಂದು ತಿಳಿಯಲು ಆ ವರ್ಷದ ಲೆಕ್ಕ ನೋಡಬೇಕು. 1989ರ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತದಾನ. ದಿಲ್ಲಿಯಲ್ಲಿ ಕಾಂಗ್ರೆಸ್ ಸೋತಿತು, ಕರ್ನಾಟಕದಲ್ಲಿ ಮಾತ್ರ ಅದರದ್ದೇ ಅಲೆ. 224ರಲ್ಲಿ 178 ಸೀಟು ಕಾಂಗ್ರೆಸ್‌ಗೆ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಆ ವರ್ಷದ ಏಪ್ರಿಲ್‌ವರೆಗೆ ಆಳಿದ್ದ ಜನತಾ ಪರಿವಾರ ನೆಲ ಕಚ್ಚಿತು, ಜನತಾ ದಳಕ್ಕೆ ಸಿಕ್ಕಿದ್ದು 24. ಇಂಥ ಹೊಳೆಯಲ್ಲಿ ರೈತ ಸಂಘಕ್ಕೆ ಎರಡು ಸೀಟು. ಎರಡನ್ನೂ ಗೆದ್ದದ್ದು ಒಬ್ಬರೇ. ರಾಜ್ಯದಲ್ಲಿ ಬೇರೆಲ್ಲೂ ಸಂಘದವರು ಗೆಲ್ಲಲಿಲ್ಲ.

ಇನ್ನೊಂದು ಸಂಗತಿ. ಮತ ಹಾಕುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಅದೇ ವರ್ಷ. ಹಸಿರು ಟವೆಲ್ ಹಾಕಿಕೊಂಡು ಓಡಾಡುತ್ತಿದ್ದ ಎಷ್ಟೋ ಹುಡುಗರಿಗೆ ಅದು ಮೊದಲ ಮತ. ಗೆಲುವಿಗೆ ಅದೊಂದೇ ಕಾರಣ ಎನ್ನಲಾರೆ, ಆದರೆ ಯಾರೂ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡೂ ಸೀಟು ಇಟ್ಟುಕೊಳ್ಳಬಹುದಿತ್ತಲ್ಲ?

ಆಗುವುದಿಲ್ಲ. ಒಬ್ಬರಿಗೆ ಒಂದೇ ಕುರ್ಚಿ. ಎರಡು ಕಡೆ ಗೆದ್ದವರು 14 ದಿನದೊಳಗೆ ಒಂದನ್ನು ಬಿಡಬೇಕು, ಬಿಡದಿದ್ದರೆ ಎರಡೂ ಹೋಗುತ್ತವೆ. ಬಾಬಾಗೌಡರು ಕಿತ್ತೂರನ್ನು ಇಟ್ಟುಕೊಂಡು ಧಾರವಾಡ ಗ್ರಾಮೀಣ ಬಿಟ್ಟರು. ಅಲ್ಲಿ ನಡೆದ ಉಪಚುನಾವಣೆಯಲ್ಲಿ ಪ್ರೊ. ನಂಜುಂಡಸ್ವಾಮಿ ನಿಂತು ಗೆದ್ದರು. ಮೈಸೂರು ಕಡೆಯ ಪ್ರೊಫೆಸರ್ ಒಬ್ಬರನ್ನು ಧಾರವಾಡದ ಹಳ್ಳಿಗಳು ವಿಧಾನಸಭೆಗೆ ಕಳಿಸಿದವು. ಊರು, ನೆಂಟಸ್ತನ ಯಾವುದೂ ಇಲ್ಲದೆ. ನನ್ನ ಪ್ರಕಾರ ಬಾಬಾಗೌಡರ ಎರಡು ಗೆಲುವಿಗಿಂತ ಈ ಮೂರನೆಯದೇ ದೊಡ್ಡದು. ಮತ ಬಿದ್ದದ್ದು ಮನುಷ್ಯನಿಗಲ್ಲ, ಟವೆಲ್ಲಿಗೆ ಎಂದು ಇದರಿಂದ ಗೊತ್ತಾಗುತ್ತದೆ.

ಅಂದ ಹಾಗೆ, ಆಗ ಎಷ್ಟು ಕಡೆ ಬೇಕಾದರೂ ನಿಲ್ಲಬಹುದಿತ್ತು. ಎರಡಕ್ಕಿಂತ ಹೆಚ್ಚು ಕಡೆ ನಿಲ್ಲುವಂತಿಲ್ಲ ಎಂಬ ನಿಯಮ ಬಂದದ್ದು 1996ರಲ್ಲಿ.

ಒಬ್ಬಿಬ್ಬರು ಶಾಸಕರಿಂದ ಸದನದಲ್ಲಿ ಏನಾಗುತ್ತದೆ? ಸುಮ್ನೆ ಕೂತು ಬರೋದಾ?

ಸರ್ಕಾರ ಬೀಳಿಸಲು ಆಗುವುದಿಲ್ಲ, ಕಾನೂನು ತಡೆಯಲೂ ಆಗುವುದಿಲ್ಲ. ಆದರೆ ಪ್ರಶ್ನೆ ಕೇಳಬಹುದು. ಶಾಸಕ ಲಿಖಿತವಾಗಿ ಪ್ರಶ್ನೆ ಕೊಟ್ಟರೆ ಇಲಾಖೆ ಉತ್ತರ ಬರೆಯಲೇಬೇಕು. ಯಾವ ಕಾರ್ಖಾನೆ ಎಷ್ಟು ಬಾಕಿ ಇಟ್ಟಿದೆ, ಯಾವ ಕಾಲುವೆಗೆ ಎಷ್ಟು ದುಡ್ಡು ಹೋಗಿದೆ, ಎಲ್ಲ ಸದನದ ಕಡತಕ್ಕೆ ಬರುತ್ತದೆ. ಮಾಹಿತಿ ಹಕ್ಕು ಇಲ್ಲದ ಕಾಲದಲ್ಲಿ ಅದು ಸಣ್ಣದಲ್ಲ.

ಇನ್ನು ತಾಲೂಕಿನಲ್ಲಿ ಶಾಸಕನ ಕೈ ಸದನಕ್ಕಿಂತ ಉದ್ದ. ಈಗಿನ ಲೆಕ್ಕ ಹೇಳುತ್ತೇನೆ. ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆ ಅವರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಯೂ ಅವರ ಕೈಯಲ್ಲಿ. ಕಾಲುವೆಗೆ ಯಾವಾಗ ನೀರು ಬಿಡಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ಆ ಭಾಗದ ಶಾಸಕರಿಗೂ ಜಾಗ ಇರುತ್ತದೆ. ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೆಸ್ಕಾಂ ಆಫೀಸಿಗೆ ಫೋನ್ ಹೋಗಬೇಕಾದದ್ದು ಅವರಿಂದಲೇ ಎಂದು ಜನ ನಂಬಿದ್ದಾರೆ. ಹಾಗಾಗಿ ರೈತ ಶಾಸಕನ ಅರ್ಧ ಆಯಸ್ಸು ಟ್ರಾನ್ಸ್‌ಫಾರ್ಮರ್ ಮೇಲೇ ಹೋಗುತ್ತದೆ.

1994ರ ವಿಧಾನಸಭೆ ಚುನಾವಣೆಯಲ್ಲಿ ಏನಾಯಿತು?

ಕಿತ್ತೂರು ಮತ್ತೆ ಡಿ.ಬಿ. ಇನಾಮದಾರರ ಕೈಗೆ ಹೋಯಿತು. 1989ಕ್ಕಿಂತ ಮೊದಲೂ ಅದು ಅವರದೇ ಕೋಟೆ. ಆ ಸಲ ಇಡೀ ರಾಜ್ಯದಲ್ಲಿ ರೈತ ಸಂಘಕ್ಕೆ ಸಿಕ್ಕಿದ್ದು ಒಂದೇ ಸೀಟು, ಪಾಂಡವಪುರದಲ್ಲಿ ಕೆ.ಎಸ್. ಪುಟ್ಟಣ್ಣಯ್ಯನವರದು. ಸಂಘದ ರಾಜಕೀಯ ಮಲಪ್ರಭೆಯಿಂದ ಕಾವೇರಿಗೆ ಹೊರಳಿದ್ದು ಅಲ್ಲಿ.

ರೈತ ಸಂಘದವರು ಬಿಜೆಪಿಗೆ ಹೋದದ್ದು ಯಾಕೆ? ಇದೇ ಪ್ರಶ್ನೆಗೆ ಎಲ್ಲರೂ ಜಗಳ ಆಡುತ್ತಾರೆ.

ಆಡಲಿ ಬಿಡಿ, ಜಗಳ ಆಡಬೇಕಾದ ಪ್ರಶ್ನೆಯೇ. ಒಂದು ಕಡೆಯವರು ಹೇಳೋದು: ಸಂಘದಲ್ಲಿದ್ದರೆ ಜೀವನಪೂರ್ತಿ ರಸ್ತೆ ಮೇಲೆ ಕೂರಬೇಕು, ಕೆಲಸ ಆಗಬೇಕಾದರೆ ದೊಡ್ಡ ಪಕ್ಷ ಬೇಕು. ಇನ್ನೊಂದು ಕಡೆಯವರು ಹೇಳೋದು: ಟವೆಲ್ ಕೊಟ್ಟ ಮರ್ಯಾದೆಯನ್ನು ಟಿಕೆಟ್‌ಗೆ ಮಾರಿಕೊಂಡರು. ಬಾಬಾಗೌಡರ ಮನಸ್ಸಿನಲ್ಲಿ ಏನಿತ್ತೋ ಅದನ್ನು ನಾನು ಹೇಳಲಾರೆ. ನಡೆದದ್ದು ಹೇಳಬಹುದು. 1998ರ ಲೋಕಸಭೆ ಚುನಾವಣೆಯಲ್ಲಿ ಬಿಜೆಪಿಯಿಂದ ಬೆಳಗಾವಿಯಲ್ಲಿ ನಿಂತು ಗೆದ್ದರು. ಆ ಸಲ ಬಿಜೆಪಿ ಕರ್ನಾಟಕದಲ್ಲಿ 13 ಸೀಟು ಗೆದ್ದಿತ್ತು. ಜೊತೆಗೆ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯ ಮೈತ್ರಿ ಇತ್ತು. ಉತ್ತರ ಕರ್ನಾಟಕದಲ್ಲಿ ಆ ಜೋಡಿ ಚೆನ್ನಾಗಿ ಓಡಿತು.

ವಾಜಪೇಯಿ ಸರ್ಕಾರದಲ್ಲಿ ಬಾಬಾಗೌಡರಿಗೆ ಗ್ರಾಮೀಣ ಅಭಿವೃದ್ಧಿಯ ಹೊಣೆ, ರಾಜ್ಯ ಸಚಿವ ಸ್ಥಾನ. ಚಿಕ್ಕಬಾಗೇವಾಡಿಯ ಒಕ್ಕಲುತನದವನ ಕೈಗೆ ದೇಶದ ಹಳ್ಳಿಗಳ ಖಾತೆ! ನಮ್ಮ ಕಡೆಯವರಿಗೆ ಎದೆ ಉಬ್ಬಿದ್ದು ನಿಜ. ಆದರೆ ಆ ಸರ್ಕಾರ ಬಾಳಲಿಲ್ಲ. 1999ರ ಏಪ್ರಿಲ್ 17ರಂದು ಒಂದೇ ಒಂದು ಮತದಿಂದ ಬಿತ್ತು. ಹೊಸ ಚುನಾವಣೆಯಲ್ಲಿ ಬೆಳಗಾವಿಯಿಂದ ಕಾಂಗ್ರೆಸ್ಸಿನ ಅಮರಸಿಂಹ ಪಾಟೀಲರು ಗೆದ್ದರು, ಬಾಬಾಗೌಡರು ಸೋತರು. 2004ರಿಂದ ಆ ಕ್ಷೇತ್ರ ಸುರೇಶ ಅಂಗಡಿಯವರದಾಯಿತು.

ನನ್ನ ಅನಿಸಿಕೆ ಹೇಳುತ್ತೇನೆ, ಒಪ್ಪಲೇಬೇಕು ಅಂತಿಲ್ಲ. 1989ರ ಮತ ಕೆಳಗಿನಿಂದ ಬಂದದ್ದು. ಹಳ್ಳಿ ಘಟಕ ಚಂದಾ ಎತ್ತಿ, ರೊಟ್ಟಿ ಕಟ್ಟಿಕೊಂಡು ತಿರುಗಿ ತಂದ ಮತ. 1998ರದು ಮೇಲಿನಿಂದ ಬಂದದ್ದು, ಪಕ್ಷದ ಗಾಳಿಯದು. ಗಾಳಿ ತಂದದ್ದನ್ನು ಗಾಳಿಯೇ ಒಯ್ಯುತ್ತದೆ. ಅಷ್ಟೊತ್ತಿಗೆ ಹಳ್ಳಿ ಘಟಕಗಳೂ ಮೊದಲಿನಂತೆ ಇರಲಿಲ್ಲ. ಒಡೆದು ಬಣಗಳಾಗಿದ್ದವು. ಹಸಿರು ಟವೆಲ್ ಮಾತ್ರ ಎಲ್ಲ ಬಣದವರ ಹೆಗಲ ಮೇಲೂ ಉಳಿಯಿತು.

ಆಮೇಲೆ ಅವರು ಮನೆಯಲ್ಲಿ ಕೂತರಾ?

ಇಲ್ಲ. ಚುನಾವಣೆಯಲ್ಲಿ ಮೊದಲಿನ ಯಶಸ್ಸು ಸಿಗಲಿಲ್ಲ, ಆದರೆ ಬೆಳಗಾವಿಯ ರೈತ ಹೋರಾಟದ ವೇದಿಕೆಗಳಲ್ಲಿ ವಯಸ್ಸಾದ ಮೇಲೂ ಕಾಣಿಸಿಕೊಳ್ಳುತ್ತಿದ್ದರು.

ಬೆಳಗಾವಿ ಚುನಾವಣೆಯಲ್ಲಿ ನೂರಾರು ಜನ ನಿಂತಿದ್ದರು ಎನ್ನುತ್ತಾರಲ್ಲ, ಅದು ಇವರ ಕಾಲದ್ದೇನಾ?

ಅದು 1996ರ ಲೋಕಸಭೆ ಚುನಾವಣೆ. ಬೆಳಗಾವಿಯಲ್ಲಿ 456 ಅಭ್ಯರ್ಥಿಗಳು. ಮತಪತ್ರ ಎನ್ನುವುದು ಪುಸ್ತಕದ ಹಾಗೆ ಇತ್ತು. ಆಗ ಠೇವಣಿ ಅಗ್ಗ: ಲೋಕಸಭೆಗೆ 500, ವಿಧಾನಸಭೆಗೆ 250 ರೂಪಾಯಿ. ಬಾಬಾಗೌಡರು ಗೆದ್ದ 1989ರಲ್ಲೂ ಇದೇ ದರ. ಬೆಳಗಾವಿ, ಆಗ ಆಂಧ್ರದಲ್ಲಿದ್ದ ನಲ್ಗೊಂಡ, ತಮಿಳುನಾಡಿನ ಮೊಡಕುರಿಚಿ, ಇಲ್ಲೆಲ್ಲ ಅಭ್ಯರ್ಥಿಗಳ ಜಾತ್ರೆ ನೋಡಿದ ಮೇಲೆ ಸರ್ಕಾರ ಅದೇ ವರ್ಷ ಠೇವಣಿ ಏರಿಸಿತು. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು ಎಂದಿತು. ಅಂದರೆ ಬಡ ರೈತನ ಬಾಗಿಲು ಕಿರಿದಾಗುವುದರಲ್ಲಿ ನಮ್ಮ ಜಿಲ್ಲೆಯದೂ ಒಂದು ಕೈ ಇದೆ.

ಈಗ ನಾನು ರೈತ, ನಿಲ್ಲಬೇಕು ಅಂತಿದ್ದೇನೆ. ಏನೇನು ಬೇಕು?

ವಿಧಾನಸಭೆಗಾದರೆ 25 ವರ್ಷ ತುಂಬಿರಬೇಕು. ಕರ್ನಾಟಕದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ವಾಪಸ್ ಬರುವುದಿಲ್ಲ. ಪಕ್ಷೇತರರಾದರೆ ಆ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಜೊತೆಗೆ ಅಫಿಡವಿಟ್: ಆಸ್ತಿ, ಸಾಲ, ಕೇಸು ಎಲ್ಲ ಬರೆಯಬೇಕು. ಹೋರಾಟ ಮಾಡಿದವರಿಗೆ ಕೇಸಿನ ಕಾಲಂ ಸ್ವಲ್ಪ ಉದ್ದವೇ ಆಗುತ್ತದೆ. ರಸ್ತೆ ತಡೆ ಮಾಡಿದ್ದಕ್ಕೆ ಕೇಸು ಬಾಕಿ ಇದ್ದರೆ ಹೆದರಬೇಡಿ, ನಿಲ್ಲಬಹುದು. ಬಚ್ಚಿಡಬೇಡಿ, ಅದೇ ತಪ್ಪು.

ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಇದನ್ನು ಓದಿ ಯಾರಾದರೂ ನಕ್ಕರೆ ಎರಡು ಕಾರಣ ಇರಬಹುದು. ಅಷ್ಟು ದುಡ್ಡು ಎಲ್ಲಿಂದ ತರಲಿ ಎಂದು ನಗುವವರು ಒಬ್ಬರು, ಅಷ್ಟರಲ್ಲಿ ಏನಾಗುತ್ತದೆ ಎಂದು ನಗುವವರು ಇನ್ನೊಬ್ಬರು.

ಸೊಸೈಟಿ ಸಾಲ ಕಟ್ಟಿಲ್ಲ. ಸುಸ್ತಿದಾರ ನಿಲ್ಲಬಹುದಾ?

ವಿಧಾನಸಭೆಗೆ ನಿಲ್ಲಬಹುದು. ಸಾಲ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ನಾಮಪತ್ರ ತಿರಸ್ಕಾರ ಆಗುವುದಿಲ್ಲ. ಕೋರ್ಟು ದಿವಾಳಿ ಎಂದು ಘೋಷಿಸಿದ್ದರೆ ಮಾತ್ರ ತೊಂದರೆ. ತಮಾಷೆ ಏನೆಂದರೆ, ಅದೇ ಸುಸ್ತಿದಾರ ತನ್ನ ಊರಿನ ಸೊಸೈಟಿಯ ಆಡಳಿತ ಮಂಡಳಿಗೆ ನಿಲ್ಲುವಂತಿಲ್ಲ. ವಿಧಾನಸಭೆಗೆ ಆದೀತು, ಪಕ್ಕದ ಓಣಿಯ ಸೊಸೈಟಿಗೆ ಆಗದು!

ನಮ್ಮ ಜಿಲ್ಲೆಗಳ ಬಹಳಷ್ಟು ಶಾಸಕರು ಅಫಿಡವಿಟ್‌ನಲ್ಲಿ ವೃತ್ತಿ 'ಕೃಷಿ' ಎಂದೇ ಬರೆಯುತ್ತಾರೆ. ಅವರೂ ರೈತ ಶಾಸಕರೇ ಅಲ್ವಾ?

ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದರೆ ರೈತ ಎನ್ನಲು ಅಡ್ಡಿಯಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ 18, ವಿಜಯಪುರದಲ್ಲಿ 8, ಬಾಗಲಕೋಟೆಯಲ್ಲಿ 7 ಕ್ಷೇತ್ರಗಳು. ಇವುಗಳಲ್ಲಿ ಹೊಲವೇ ಇಲ್ಲದ ಶಾಸಕರನ್ನು ಹುಡುಕುವುದೇ ಕಷ್ಟ. ಆದರೆ ಕಬ್ಬು ಬೆಳೆಯುವವನು ಬೇರೆ, ಕಬ್ಬು ಅರೆಯುವವನು ಬೇರೆ. ನಮ್ಮ ಕಡೆ ರಾಜಕೀಯಕ್ಕೆ ಬರುವ ದಾರಿ ಸಾಮಾನ್ಯವಾಗಿ ಹೀಗೆ: ಊರಿನ ಕೃಷಿ ಪತ್ತಿನ ಸೊಸೈಟಿ (ಪಿಕೆಪಿಎಸ್), ಎಪಿಎಂಸಿ, ಡಿಸಿಸಿ ಬ್ಯಾಂಕು, ಸಕ್ಕರೆ ಕಾರ್ಖಾನೆಯ ಡೈರೆಕ್ಟರ್, ಆಮೇಲೆ ಟಿಕೆಟ್. ಸಾಲ ಕೊಡುವವರು, ಕಟಾವಿಗೆ ಗ್ಯಾಂಗ್ ಕಳಿಸುವವರು, ತೂಕ ಮಾಡುವವರು, ಬಿಲ್ ಕೊಡುವವರು, ಮತ ಕೇಳುವವರು ಹಲವು ಕಡೆ ಒಂದೇ ಗುಂಪಿನವರು. ಅವರ ಎದುರು ನಿಲ್ಲುವ ರೈತನಿಗೆ ಸೋಲುವುದಕ್ಕಿಂತ ದೊಡ್ಡ ಭಯ, ತನ್ನ ಕಬ್ಬು ಹೊಲದಲ್ಲೇ ಒಣಗೀತು ಎನ್ನುವುದು. ಮಂಡ್ಯ ಕಡೆ ಸಂಘ ಉಳಿದು ಇಲ್ಲಿ ಉಳಿಯಲಿಲ್ಲ ಯಾಕೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಶಾಸಕ ಮನಸ್ಸು ಮಾಡಿದರೆ ಕಬ್ಬಿನ ದರ ಏರಿಸಬಹುದಾ?

ನೇರವಾಗಿ ಆಗದು. ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡುವುದು ಕೇಂದ್ರ. 2025-26ಕ್ಕೆ ಕ್ವಿಂಟಲ್‌ಗೆ 355 ರೂಪಾಯಿ, ಅದೂ 10.25 ಶೇಕಡಾ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ ಪ್ರಮಾಣ, ಇದ್ದರೆ. ರಿಕವರಿ ಕಡಿಮೆ ಬಂದರೆ ದರವೂ ಕಡಿಮೆ. ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ಳುತ್ತಾರೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಎಂದು 1966ರ ಆದೇಶದಲ್ಲೇ ಇದೆ. ಬಡ್ಡಿ ಪಡೆದ ರೈತರು ನಿಮ್ಮ ಊರಲ್ಲಿ ಇದ್ದರೆ ದಯವಿಟ್ಟು ನನಗೂ ತೋರಿಸಿ.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಎಫ್‌ಆರ್‌ಪಿ ಮೇಲೆ ಒಂದಿಷ್ಟು ಕೊಡಿಸಬಹುದು. ಅದಕ್ಕೆ ಸದನಕ್ಕಿಂತ ರಸ್ತೆಯೇ ಹೆಚ್ಚು ಕೆಲಸ ಮಾಡಿದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ದಿನಗಟ್ಟಲೆ ಕೂತರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಅವರಲ್ಲಿ ಕೆಲವರು ಹುಟ್ಟುವ ಮೊದಲೇ ಬಾಬಾಗೌಡರು ಶಾಸಕರಾಗಿದ್ದರು. ಹೆಗಲ ಮೇಲಿದ್ದದ್ದು ಅದೇ ಹಸಿರು ಟವೆಲ್.

ಬೆಳಗಾವಿಯಲ್ಲೇ ಸುವರ್ಣ ವಿಧಾನಸೌಧ ಇದೆಯಲ್ಲ, ಅದರಿಂದ ರೈತರಿಗೆ ಹತ್ತಿರ ಆಯ್ತಾ?

2012ರ ಅಕ್ಟೋಬರ್ 11ರಂದು ಉದ್ಘಾಟನೆ ಆಯಿತು. ಚಳಿಗಾಲದ ಅಧಿವೇಶನ ಅಲ್ಲೇ ನಡೆಯುತ್ತದೆ. ದೂರ ಕಡಿಮೆಯಾಗಿದೆ, ನಿಜ. ಬೈಲಹೊಂಗಲದಿಂದ ಬೆಳಿಗ್ಗೆ ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರಬಹುದು. ಆದರೆ ಪೊಲೀಸರು ನಿಲ್ಲಿಸುವುದು ಕೊಂಡಸಕೊಪ್ಪದ ಟೆಂಟಿನಲ್ಲಿ. ಅಲ್ಲಿಗೆ ಮಂತ್ರಿ ಬಂದರೆ ಬಂದರು.

ಬಾಬಾಗೌಡರ ನಂತರ ರೈತ ಸಂಘದಿಂದ ಯಾರೂ ಗೆದ್ದಿಲ್ಲವಾ?

ಗೆದ್ದಿದ್ದಾರೆ, ಆದರೆ ಎಲ್ಲ ಮಂಡ್ಯ ಕಡೆ. 1994ರಲ್ಲಿ ಗೆದ್ದ ಪುಟ್ಟಣ್ಣಯ್ಯನವರು 2013ರಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ಹೆಸರಲ್ಲಿ ಮತ್ತೆ ಗೆದ್ದರು. 2018ರಲ್ಲಿ ತೀರಿಕೊಂಡರು. 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅಲ್ಲಿಂದಲೇ ಗೆದ್ದರು.

ಬಾಬಾಗೌಡರು ಗೆದ್ದ ಕ್ಷೇತ್ರಗಳು ಈಗ ಹೇಗಿವೆ? ನಕ್ಷೆಯಲ್ಲಿ ಧಾರವಾಡ ಗ್ರಾಮೀಣ ಸಿಗುತ್ತಿಲ್ಲ.

ಸಿಗುವುದಿಲ್ಲ. 2008ರ ಚುನಾವಣೆ ಹೊತ್ತಿಗೆ ಕ್ಷೇತ್ರಗಳ ಗಡಿ ಮತ್ತೆ ಗೀಚಿದಾಗ ಧಾರವಾಡ ಗ್ರಾಮೀಣ ಎಂಬ ಹೆಸರೇ ಹೋಯಿತು. ಈಗ ಇರುವುದು ಧಾರವಾಡ ಎಂಬ ಕ್ಷೇತ್ರ. ಕಿತ್ತೂರು ಉಳಿದಿದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯೂ ಅದರೊಳಗೇ ಇದೆ.